ಹಲೀಮಾಬಿ ಹಾಕಿದ ಬೀಗ

ರೇಷನ್ ಅಂಗಡಿಯ ಯಂತ್ರಕ್ಕೆ ಖೈರುನಬಿಯ ಹೆಬ್ಬೆರಳು ಒಮ್ಮೆಯೂ ಒಗ್ಗಿದ್ದಿಲ್ಲ. ಇಪ್ಪತ್ತೇಳು ವರ್ಷ ಹತ್ತಿಯ ನೂಲು ಎಳೆದು, ಕಬ್ಬಿಣದ ಪಂಜಾದಿಂದ ಜಮಖಾನದ ಎಳೆ ಬಡಿದು ಕೂರಿಸಿ, ಅವಳ ಬೆರಳಿನ ಗೆರೆಗಳು ಸವೆದುಹೋಗಿವೆ. ಸಾಲಿನಲ್ಲಿ ನಿಂತವರ ಮುಂದೆ ಬೆರಳು ಒರೆಸಿ, ಉಗುಳು ಹಚ್ಚಿ, ಮತ್ತೆ ಒತ್ತಿ, ಕೊನೆಗೆ ಗಂಡ ಅಬ್ದುಲಗನಿಯನ್ನು ಕರೆಸಿ ಅಕ್ಕಿ ತರುವುದು ನವಲಗುಂದದ ಅವರ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಅಂಥವಳ ಬೆರಳನ್ನು ಮಗಳು ರೂಬಿನಾ ಕೊಟ್ಟ ಹಳೆಯ ಫೋನು ಮೊದಲ ದಿನವೇ ಗುರುತು ಹಿಡಿದು ತೆರೆದುಕೊಂಡಾಗ ಅವಳಿಗಾದ ಹೆಮ್ಮೆ ಅಷ್ಟಿಷ್ಟಲ್ಲ. "ಸರಕಾರಕ್ಕ ನಾ ಯಾರಂತ ಗೊತ್ತಿಲ್ಲ, ಇದಕ್ಕ ಗೊತ್ತೈತಿ ನೋಡವ್ವಾ" ಎಂದು ಎದುರುಮನೆಯ ತಾಯವ್ವನಿಗೆ ತೋರಿಸಿದ್ದಳು.

ದುಬಾರಿ ಕಂಪನಿಯ ಫೋನು. ಅಣ್ಣಿಗೇರಿಗೆ ಮದುವೆಯಾಗಿ ಹೋದ ರೂಬಿನಾ ತನಗೆ ಹೊಸದು ಬಂದ ಮೇಲೆ ಇದನ್ನು ತಾಯಿಗೆ ಕೊಟ್ಟಿದ್ದಳು. ಅದರ ಬಿಗುಮಾನ ಮಾತ್ರ ದೇಸಾಯರ ವಾಡೆಯದು. ಓಣಿಯವರ ಚಾರ್ಜರ್ ಅದಕ್ಕೆ ಒಲ್ಲದು. ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ. ತಾಯವ್ವ ಬ್ಲೂಟೂತಿನಲ್ಲಿ ಒಂದು ಹಾಡು ಕಳಿಸಿದರೆ ಇದಕ್ಕೆ ಬಾರದು, ಇದರಿಂದ ಅತ್ತ ಏನೂ ಹೋಗದು. ಕೊಂಡವರೂ ಅದರಲ್ಲಿ ಬಾಡಿಗೆಯವರಂತೆ ಇರಬೇಕು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲಕನನ್ನು ಕೇಳಬೇಕು.

ಈ ಫೋನಿಗೂ ಮಗ್ಗಕ್ಕೂ ಗಂಟು ಬಿದ್ದದ್ದು ಅತ್ತೆ ಹಲೀಮಾಬಿಗೆ ಲಕ್ವಾ ಹೊಡೆದಾಗ. ಜಮಖಾನ ನೇಯುವ ಅವರ ಮನೆಯಲ್ಲಿ ನಮೂನೆಯನ್ನು ಕಾಗದದ ಮೇಲೆ ಇಳಿಸುವ ರೂಢಿ ಇಲ್ಲ. ಎಷ್ಟು ಎಳೆ ಎತ್ತಬೇಕು, ಯಾವ ಬಣ್ಣ, ಎಲ್ಲಿ ತಿರುಗಬೇಕು, ಎಲ್ಲವೂ ಬಾಯಿಲೆಕ್ಕ. ಅದು ಅತ್ತೆಯಿಂದ ಸೊಸೆಗೆ ಹೋಗುತ್ತದೆ, ಮಗಳಿಗೆ ಹೋಗುವುದಿಲ್ಲ. ಮಗಳು ನಾಳೆ ಇನ್ನೊಂದು ಮನೆಯವಳು, ಮನೆಯ ಗುಟ್ಟು ಅವಳ ಬೆನ್ನಿಗೆ ಹೊರಡಬಾರದು. ಖೈರುನಬಿಗೆ ಪಗಡೆ ಹಾಸು ಬರುತ್ತಿತ್ತು, ಪಟ್ಟೆ ಬರುತ್ತಿತ್ತು, ಹೂವು ಬರುತ್ತಿತ್ತು. ಬಾರದೆ ಉಳಿದದ್ದು ಹನ್ನೆರಡು ನವಿಲಿನದು. ಹಲೀಮಾಬಿ ಅದಕ್ಕೆ ಕೂತಳೆಂದರೆ ಕೋಣೆಯ ಬಾಗಿಲು ಹಾಕುತ್ತಿದ್ದಳು, ಸೊಸೆ ಅಡಿಗೆಮನೆಯಲ್ಲಿರಬೇಕು. ಕೊನೆಯದನ್ನು ನೇಯ್ದು ಹದಿನೈದು ವರ್ಷವಾಗಿತ್ತು, ನೇಯ್ದದ್ದೆಲ್ಲ ಮಾರಿ ಊರು ಬಿಟ್ಟು ಹೋಗಿತ್ತು. ಕೇಳಿದಾಗೆಲ್ಲ "ಗಡಿಬಿಡಿ ಯಾಕ? ನಾ ಎಲ್ಲಿ ಹೊಂಟೀನಿ?" ಎನ್ನುತ್ತಿದ್ದಳು. ಬಲಗೈ ಸತ್ತು ಹಾಸಿಗೆ ಹಿಡಿದಾಗ, ತಾನು ಹೊರಟಿದ್ದೇನೆಂಬುದು ಅವಳಿಗೇ ತಿಳಿಯಿತು.

"ಬರಕೊಳ್ಳಲೇನ್ರಿ ಅತ್ತಿ?" ಎಂದರೆ ಮುದುಕಿ ಉರಿದುಬಿದ್ದಳು. ಆಗ ಖೈರುನಬಿಯೇ ಫೋನಿನ ದಾರಿ ಹೇಳಿದಳು: ಅತ್ತೆ ಹೇಳುತ್ತ ಹೋಗುವುದು, ಎಡಗೈಯಿಂದ ಎಳೆ ತೋರಿಸುವುದು, ತಾನು ವಿಡಿಯೋ ಹಿಡಿಯುವುದು. ಹಲೀಮಾಬಿ ಒಂದೇ ಪ್ರಶ್ನೆ ಕೇಳಿದಳು.

"ಇದು ರೂಬಿನಾಂದಲ್ಲ? ಇದರಾಗ ಹಿಡದದ್ದು ಆಕಿಗೂ ಕಾಣತೈತೇನು?"

ಕಾಣುತ್ತಿತ್ತು. "ಅಮ್ಮಾ, ನೀ ಏನ ಹಿಡದ್ರೂ ನನ್ನ ಫೋನಿಗೂ ಬರತೈತಿ, ಕಳಿಯೂದಿಲ್ಲ" ಎಂದು ಮಗಳು ಪ್ರೀತಿಯಿಂದ ಮಾಡಿಕೊಟ್ಟ ಏರ್ಪಾಡು ಅದು. ಖೈರುನಬಿ ಅದನ್ನು ಬಸ್‌ಸ್ಟ್ಯಾಂಡಿನ ಬಾಜು ಮೊಬೈಲ್ ಅಂಗಡಿ ಇಟ್ಟಿರುವ ಹೇಮಂತನ ಬಳಿ ಒಯ್ದು ಬಂದ್ ಮಾಡಿಸಿದಳು.

"ಅಕ್ಕಾರ, ಇನ್ನ ಫೋನಿನಾಗಿಂದು ಫೋನಿನಾಗ ಅಷ್ಟ. ಬ್ಯಾರೆ ಕಡೆ ಒಂದ ಕಾಪಿನೂ ಇರಂಗಿಲ್ಲ, ನೋಡ್ರಿ ಮತ್ತ" ಎಂದ ಹೇಮಂತ.

"ನಮಗ ಅದ ಬೇಕಾಗೇತಿ" ಎಂದಳು ಖೈರುನಬಿ.

ರೂಬಿನಾಳಿಗೆ ಗೊತ್ತಿದ್ದ ಹಳೆಯ ಬೀಗದ ನಂಬರೂ ಬದಲಾಗಬೇಕಿತ್ತು. ಹೇಮಂತ ತೋರಿಸಿಕೊಟ್ಟಂತೆ ಖೈರುನಬಿ ಮನೆಯಲ್ಲಿ ಕೂತು ಆ ಜಾಗ ತೆರೆದಳು. ಹಲೀಮಾಬಿ ಫೋನು ಕಸಿದುಕೊಂಡಳು. "ಅತ್ತಾಗ ಮಾರಿ ಮಾಡು. ನಂಬರ್ ನಾ ಹಾಕ್ತೀನಿ. ನಿನ್ನ ಹೊಟ್ಟ್ಯಾಗ ಮಾತು ನಿಂದ್ರೂದಿಲ್ಲ, ಮಗಳು ಎರಡ ಹನಿ ಕಣ್ಣೀರ ಹಾಕಿದ್ರ ಹೇಳಿಬಿಡ್ತಿ." ಆರು ಅಂಕಿ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಸೊಸೆ ಗೋಡೆ ನೋಡುತ್ತ ನಿಂತಿದ್ದಳು. ಇಪ್ಪತ್ತೇಳು ವರ್ಷ ಚಾಕರಿ ಮಾಡಿದರೂ ಇಷ್ಟೇ ನಂಬಿಕೆ ಎಂದು ಅವಳಿಗೆ ಒಳಗೊಳಗೆ ಕುದಿಯಿತು. ಆದರೆ ತೆರೆಯಲು ತನ್ನ ಹೆಬ್ಬೆರಳು ಸಾಕಲ್ಲ ಎಂದುಕೊಂಡು ಸುಮ್ಮನಾದಳು.

ಒಂಬತ್ತು ದಿನದಲ್ಲಿ ಹನ್ನೊಂದು ವಿಡಿಯೋ ಆದವು. ಹೇಗೂ ಫೋನು ಹಿಡಿದಿಟ್ಟುಕೊಳ್ಳುತ್ತದಲ್ಲ ಎಂದು ಖೈರುನಬಿ ಒಂದು ಸಾಲನ್ನೂ ತಲೆಗೆ ಹಾಕಿಕೊಳ್ಳಲಿಲ್ಲ; ಕೈ ನಡುಗಬಾರದು ಎಂಬುದರ ಮೇಲೇ ಅವಳ ಲಕ್ಷ್ಯವೆಲ್ಲ. ಹತ್ತನೆಯ ದಿನ ಬೆಳಗಿನ ನಮಾಜಿನ ಹೊತ್ತಿಗೆ ಹಲೀಮಾಬಿ ತೀರಿಕೊಂಡಳು. ಹೋದವರ ದನಿ ಅಕಸ್ಮಾತ್ ಕೇಳಿಬಿಟ್ಟರೆ ತಡೆಯಲಾರೆನೆಂದು ಖೈರುನಬಿ ಫೋನನ್ನು ಪೂರ್ತಿ ಬಂದ್ ಮಾಡಿ, ಅತ್ತೆಯ ಓಢಣಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ನಲವತ್ತು ದಿನದ ಫಾತಿಹಾ ಮುಗಿದ ಮೇಲೆ ಮಗ್ಗಕ್ಕೆ ಹಾಸುನೂಲು ಕಟ್ಟಿದಳು, ಒಂದು ಗೇಣು ಅಂಚು ನೇಯ್ದಳು, ನವಿಲಿನ ಕಾಲು ಎತ್ತುವ ಸಾಲಿಗೆ ಬಂದು ಫೋನು ತೆಗೆದಳು. ಚಾರ್ಜಿಗೆ ಹಾಕಿ ಹೆಬ್ಬೆರಳು ಒತ್ತಿದಳು.

ಬೆರಳು ಬೇಡವಂತೆ. ಬಂದ್ ಮಾಡಿ ಮತ್ತೆ ಹಚ್ಚಿದ ಮೇಲೆ ಮೊದಲ ಸಲ ನಂಬರೇ ಬೇಕಂತೆ.

ಬಿಸ್ಮಿಲ್ಲಾದ ಏಳುನೂರ ಎಂಬತ್ತಾರನ್ನು, ಆರು ಅಂಕಿಯಾಗಲೆಂದು, ಜೋಡಿಯಾಗಿ ಒತ್ತಿದಳು, ಅತ್ತೆ ಅದನ್ನು ಬಿಟ್ಟು ಇನ್ನೇನು ಹಾಕಿಯಾಳು? ತಪ್ಪು. ಮಾವ ತೀರಿಕೊಂಡ ತಾರೀಖು. ತಪ್ಪು. ಅಬ್ದುಲಗನಿ ಹುಟ್ಟಿದ್ದು, ತನ್ನ ಮದುವೆಯದು. ತಪ್ಪು, ತಪ್ಪು. ಹೀಗೆ ಎಂಟಾದವು. ಮೊದಲು ಒಂದು ನಿಮಿಷ ತಡೆ ಎಂದಿತು, ಆಮೇಲೆ ಐದು, ಆಮೇಲೆ ಹದಿನೈದು. ತನ್ನ ಮನೆಯ ಜಗುಲಿಯಲ್ಲಿ ಕೂತು ತನ್ನದೇ ಫೋನಿನ ಅಪ್ಪಣೆಗೆ ಕಾದಳು. ಎದ್ದು ಹೇಮಂತನಲ್ಲಿಗೆ ಓಡಿದಳು.

"ಹತ್ತಾದ್ರ ಕದಾ ಪೂರಾ ಮುಚ್ಚತೈತ್ರಿ ಅಕ್ಕಾರ, ಕೈ ಹಚ್ಚಬ್ಯಾಡ್ರಿ" ಎಂದ ಅವನು. "ಬ್ಯಾರೆ ಫೋನಾಗಿದ್ರ ವಿಡಿಯೋ ಕಾರ್ಡಿನ್ಯಾಗ ಇರತಿದ್ವು, ತಗದ್ ಕೊಡ್ತಿದ್ನಿ. ಇದರಾಗ ನನ್ನ ಕೈ ಹೋಗಂಗಿಲ್ಲ."

ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿದಳು. ಆ ಫೋನು ರಿಪೇರಿ ಮಾಡುವ ದೊಡ್ಡ ಅಂಗಡಿಗೆ ಹೋಗುವಾಗ ಅತ್ತೆಯ ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೋಗಿದ್ದಳು. ಯಾವ ಆಫೀಸಿಗೆ ಹೋದರೂ ಕೊನೆಗೆ ಕೇಳುವುದು ಅದನ್ನೇ ಅಲ್ಲವೇ? ಕೌಂಟರಿನ ಹುಡುಗಿ ಅದನ್ನು ತಿರುವಿ ನೋಡಿ ಹಿಂದಕ್ಕೆ ಕೊಟ್ಟಳು.

"ತೀರಿಕೊಂಡವರ ಹೆಸರು ಈ ಫೋನಿನ್ಯಾಗ ಎಲ್ಲೂ ಇಲ್ರಿ ಅಮ್ಮಾರ. ಖಾತೆ ರೂಬಿನಾ ಅನ್ನೋರ ಹೆಸರಲೆ ಐತಿ. ಅವರು ಬಂದ್ರ ಒಳಗಿಂದೆಲ್ಲಾ ಅಳಿಸಿ ಕೊಡಬಹುದು. ಹೊಸದರಂಗ ಆಗತೈತಿ."

"ಹೊಸದು ಯಾರಿಗೆ ಬೇಕವ್ವಾ? ಒಳಗ ಹನ್ನೊಂದು ವಿಡಿಯೋ ಅದಾವು, ಅವನ್ನಷ್ಟ ತಗದ್ ಕೊಡು. ಆಮ್ಯಾಲ ಫೋನ್ ನೀವ ಇಟ್ಕೋರಿ."

"ಬೀಗ ತಗೀಲಿಕ್ಕೆ ನಮಗೂ ಬರಂಗಿಲ್ರಿ. ಕಂಪನಿಯವರಿಗೂ ಬರಂಗಿಲ್ಲ. ಎಲ್ಲಾ ನಿಮ್ಮ ಸುರಕ್ಷತೆಗಂತ ಮಾಡ್ಯಾರ."

"ಯಾರಿಂದ ಸುರಕ್ಷತೆ? ನನ್ನಿಂದೇನು?"

ಅವಳ ದನಿ ಅಂಗಡಿ ತುಂಬ ಕೇಳಿತು. ಕಾಲು ಹಿಡಿಯುತ್ತೇನೆ ಎಂದಳು, ನಿಜವಾಗಿಯೂ ಬಗ್ಗಿದಳು. ಹುಡುಗಿ ಗಾಬರಿಯಾಗಿ ಎದ್ದು ನಿಂತು ನೀರು ಕೊಟ್ಟಳು. ಪಾಪ, ಅವಳಾದರೂ ಏನು ಮಾಡಿಯಾಳು! ಬಾಗಿಲು ಕಟ್ಟಿದವರು ಏಳು ಸಮುದ್ರದಾಚೆ ಕೂತಿದ್ದಾರೆ, ಕೀಲಿಯೊಂದು ನವಲಗುಂದದ ಕಬರಸ್ತಾನಕ್ಕೆ ಹೋಗಿದೆ.

ಮನೆಗೆ ಬಂದವಳಿಗೆ ತಡೆಯಲಾಗಲಿಲ್ಲ. ಪಗಡೆ ಹಾಸಿನ ಎಳೆಯ ಲೆಕ್ಕವನ್ನು ಸಾಲಾಗಿ ಒತ್ತಿದಳು. ತಪ್ಪು. ಒಂದು ತಾಸು ತಡೆ. ಇನ್ನುಳಿದದ್ದು ಒಂದೇ ಸಲ. ಫೋನನ್ನು ಬೋರಲು ಹಾಕಿ, ಗಂಡನ ಸಣ್ಣ ಫೋನಿನಿಂದ ಮಗಳಿಗೆ ಕರೆ ಮಾಡಿದಳು. ಮರೆಮಾಚುವ ಶಕ್ತಿಯೂ ಉಳಿದಿರಲಿಲ್ಲ, ವಿಡಿಯೋದ್ದು, ಬೀಗದ್ದು ಹೇಳಿದಳು.

"ನನ್ನ ಫೋನಿಗೆ ಬರೂದನ್ನ ಬಂದ್ ಮಾಡದಿದ್ರ ಎಲ್ಲಾ ನನ್ನ ಕಡೆ ಇರತಿತ್ತಲ್ಲ ಅಮ್ಮಾ" ಎಂದಳು ರೂಬಿನಾ. "ಯಾರು ಮಾಡಿಸಿದ್ರು?"

"ನಾನ."

"ಯಾಕ?"

"ನಿನಗ ಕಾಣಬಾರದಂತ."

ಹೇಳಿದ ಮೇಲೆ ಖೈರುನಬಿಗೆ ನಾಚಿಕೆಯಾಯಿತು. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯೇ. ಅತ್ತೆ ಕಡೆಯ ನವಿಲು ನೇಯ್ದಾಗ ಮೊಮ್ಮಗಳು ರೂಬಿನಾ ಏಳು ವರ್ಷದವಳು. ಕಿವಿ ಚುರುಕು, ಒಮ್ಮೆ ಕೇಳಿದ ಹಾಡು ಬಿಡುತ್ತಿರಲಿಲ್ಲ.

"ರೂಬಿ, ದಾದಿ ನವಿಲ ಎತ್ತುವಾಗ ಬಾಯಾಗ ಎಣಸತಿದ್ದಳಲ್ಲ. ಒಂದ ಸಾಲರ ನೆನಪೈತೇನು? ಅರ್ಧಾ ಸಾಲ ಇದ್ರೂ ಹೇಳು, ನನ್ನವ್ವಾ, ಉಳದದ್ದು ನಾ ಹೆಂಗರ ಹುಡುಕ್ಕೋತೀನಿ."

"ದಾದಿ ಎಣಸಾಕ ಕುಂತ್ರ ನೀನ ನನ್ನ ಎಳಕೊಂಡು ಹೋಗಿ ತಾಯವ್ವನ ಮನ್ಯಾಗ ಬಿಡತಿದ್ದೆಲ್ಲ ಅಮ್ಮಾ" ಎಂದಳು ರೂಬಿನಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಹೊಳ್ಳಿ ಓಡಿಬಂದು ಬಾಗಲಾ ಬಡದು ಬಡದು ಅಳತಿದ್ದೆ. ನೀ ತಗೀತಿರಲಿಲ್ಲ."

"ಹೌದವ್ವಾ" ಎಂದಳು ಖೈರುನಬಿ. "ತಗೀಲಿಲ್ಲ."