ಲೆಕ್ಕದ ಪರೀಕ್ಷೆಯ ದಿನ ಹಾಕಿದ ಎಣ್ಣೆನೀರು

ಮೊಮ್ಮಗಳ ಜೊತೆ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿಬರುವ ಕೆಲಸ ನನ್ನ ಪಾಲಿಗೆ ಬಂದದ್ದು ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ. ಮಗ ತಾಂಡ್ಯದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಸೊಸೆ ಅಂಗನವಾಡಿಯವಳು. ನಾನು ಗದ್ದೆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ನರಸೀಪುರದ ಮನೆಯಲ್ಲಿ ಅಕ್ಕಿ ಆರಿಸುವುದು ಬಿಟ್ಟರೆ ಬೇರೆ ಉಸಾಬರಿ ಇರಲಿಲ್ಲ. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷ ಆಗಿತ್ತು. ಹುಡುಗಿ ಹತ್ತನೇ ಕ್ಲಾಸು. ಶನಿವಾರ ಸ್ಕೂಲು ಬಿಟ್ಟ ಮೇಲೆ ಒಮ್ಮೆ, ಭಾನುವಾರ ಬೆಳಿಗ್ಗೆ ಒಮ್ಮೆ, ಅವಳಿಗೆ ನಂಜನಗೂಡಿನಲ್ಲಿ ಭರತನಾಟ್ಯದ ಪಾಠ.

ಕುಣಿತ ಅಂದರೆ ನನಗೆ ಗೊತ್ತಿದ್ದದ್ದು ನಮ್ಮ ಕಡೆ ಗಂಡಸರು ಕುಣಿಯುವ ಕಂಸಾಳೆ. ಇದು ಬೇರೆ ಥರ. ಮಿಸ್ಸು ತಮ್ಮ ಮನೆಯ ಮುಂದಿನ ಹಾಲಿನಲ್ಲಿ ಪಾಠ ಮಾಡುತ್ತಿದ್ದರು. ವಯಸ್ಸಿನಲ್ಲಿ ನನ್ನ ಸೊಸೆಗಿಂತ ಚಿಕ್ಕವರು. ಮುಂದೆ ಒಂದು ಮಣೆ ಇಟ್ಟುಕೊಂಡು ಕೋಲಿನಿಂದ ತಾಳ ಕುಟ್ಟುವರು, ಎಂಟು ಹತ್ತು ಹುಡುಗಿಯರು ಅದಕ್ಕೆ ಸರಿಯಾಗಿ ಕಾಲು ಹೊಡೆಯುವರು. ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ, ಮೂರನೇ ವಾರಕ್ಕೇ ಬಾಯಿ ಬಿಟ್ಟೆ.

"ಅಲ್ಲಾ ತಾಯಿ, ನೆಟ್ಟಗೆ ನಿಂತ್ಕಂಡು ಕುಣೀಬಾರ್ದಾ? ಯಾಕಂಗೆ ಅರ್ಧ ಕುಂತು ಅರ್ಧ ನಿಂತವೆ ಐಕ್ಳು?"

ಮಿಸ್ಸು ಕೋಲು ನಿಲ್ಲಿಸಿದರು. "ಅಜ್ಜಿ, ಅದಕ್ಕೆ ಅರೆಮಂಡಿ ಅಂತಾರೆ. ನೀವೇ ಒಂದು ನಿಮಿಷ ಹಾಗೆ ನಿಂತು ನೋಡಿ. ಆಮೇಲೆ ಹೇಳ್ತೀನಿ."

ನಾನು ಎದ್ದೆ. ಸೀರೆ ಎತ್ತಿ ಸಿಕ್ಕಿಸಿ, ಹಿಮ್ಮಡಿ ಸೇರಿಸಿ, ಮಂಡಿ ಎರಡು ಕಡೆಗೆ ಬಗ್ಗಿಸಿ ನಿಂತೆ. ಇಪ್ಪತ್ತು ಎಣಿಸುವುದರೊಳಗೆ ತೊಡೆ ನಡುಗಲು ಶುರುವಾಯಿತು. ನಲವತ್ತು ವರ್ಷ ನಾಟಿ ಹಾಕಿದ ಮೈ ನನ್ನದು. ನಾಟಿಯಲ್ಲಿ ಬಗ್ಗುವುದು ಸೊಂಟ, ಮಂಡಿ ನೆಟ್ಟಗೇ ಇರುತ್ತದೆ. ಇಲ್ಲಿ ಸೊಂಟ ನೆಟ್ಟಗಿರಬೇಕು, ಮಂಡಿ ಬಗ್ಗಬೇಕು. ಎಲ್ಲಾ ಉಲ್ಟಾ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು, ನನ್ನ ಮೊಮ್ಮಗಳು ನಾಚಿಕೆಯಿಂದ ಗೋಡೆ ಕಡೆ ತಿರುಗಿದಳು. ಅವತ್ತಿನಿಂದ ನಾನು ಗಮನ ಇಟ್ಟು ನೋಡತೊಡಗಿದೆ. ಕಾಲು ನೆಲವನ್ನು ಅಷ್ಟು ಸಿಟ್ಟಿನಲ್ಲಿ ಹೊಡೆಯುವಾಗ ಮುಖ ಹೇಗೆ ನಗುತ್ತದೆ? ಒಂದೇ ಹೆಜ್ಜೆಯನ್ನು ಮೂರು ವೇಗದಲ್ಲಿ ಹೊಡೆದರೂ ಕೊನೆಗೆ ಎಲ್ಲರೂ ಒಂದೇ ಸಲ ನಿಲ್ಲುವುದು ಹೇಗೆ? ಕಣ್ಣು ಮುಚ್ಚಿ ಕೂತರೂ ಯಾರದ್ದೋ ಒಂದು ಕಾಲು ತಪ್ಪಿದ್ದು ನನಗೆ ಕೇಳಿಸುತ್ತಿತ್ತು. ಹೆಚ್ಚಿನ ಸಲ ಅದು ನಮ್ಮವಳದ್ದಲ್ಲ.

ಮೇ ತಿಂಗಳಲ್ಲಿ ಡ್ಯಾನ್ಸಿಗೂ ಒಂದು ಪರೀಕ್ಷೆ ಇತ್ತು. ಜೂನಿಯರ್ ಅಂತ, ಸರ್ಕಾರದ್ದೇ, ಸರ್ಟಿಫಿಕೇಟು ಕೊಡುವಂಥದ್ದು. ಅದಾದ ಮೇಲೆ ಸೀನಿಯರ್, ಅದಾದ ಮೇಲೆ ವಿದ್ವತ್ತು, ಆಮೇಲೆ ತಾನೇ ಪಾಠ ಹೇಳಬಹುದು. ಹುಡುಗಿಯ ತಲೆಯಲ್ಲಿ ಇದ್ದದ್ದು ಅದೊಂದೇ. ಬಸ್ಸಿನಲ್ಲಿ ನನ್ನ ಕೈಗೆ ಸಮಾಜದ ಪುಸ್ತಕ ಕೊಟ್ಟು ತಾನು ಬಾಯಿಪಾಠ ಒಪ್ಪಿಸುತ್ತಿದ್ದಳು. ಎರಡನೇ ಕ್ಲಾಸಿನ ಓದು ನನ್ನದು, ಅವಳ ಮಾತಿಗೂ ನನ್ನ ಬೆರಳಿಗೂ ಎರಡು ಸಾಲು ಅಂತರ ಇರುತ್ತಿತ್ತು. ಪಾಠದ ಮಧ್ಯೆಯೇ ಕೇಳುವಳು, "ಅಜ್ಜಿ, ಅಪ್ಪ ಸೈನ್ ಹಾಕ್ತದಾ?"

ಪರೀಕ್ಷೆ ಕಟ್ಟುವ ಫಾರಂಗೆ ಅಪ್ಪನ ಸೈನು ಬೇಕಿತ್ತು. ಫೆಬ್ರವರಿಯ ಕೊನೆಯ ಭಾನುವಾರದೊಳಗೆ ಫಾರಂ ಮಿಸ್ಸಿನ ಕೈಗೆ ಸೇರಬೇಕು. ಮಗ ಫಾರಂ ಮಡಿಚಿ ರೇಡಿಯೋ ಕೆಳಗೆ ಇಟ್ಟಿದ್ದ. "ಪ್ರಿಪರೇಟರಿ ಮಾರ್ಕ್ಸ್ ಬರ್ಲಿ, ಆಮೇಲೆ ನೋಡವಾ" ಎಂದಿದ್ದ. ಪ್ರಿಪರೇಟರಿ ಅಂದರೆ ದೊಡ್ಡ ಪರೀಕ್ಷೆಗೆ ಮುಂಚೆ ಸ್ಕೂಲಿನವರೇ ಇಡುವ ಪರೀಕ್ಷೆ. ಮಗನ ಮಾತು ನ್ಯಾಯವಾಗಿತ್ತು. ನಾನೂ ಒಪ್ಪಿದೆ.

ಆ ಪರೀಕ್ಷೆಯಲ್ಲಿ ಲೆಕ್ಕದ ಪೇಪರು ಶುಕ್ರವಾರ ಬಿತ್ತು. ಹಿಂದಿನ ದಿನ ನೋಡಿದೆ, ಹುಡುಗಿಯ ಕಣ್ಣು ಕೆಂಪಗೆ, ನೆತ್ತಿ ಮುಟ್ಟಿದರೆ ಕಾದ ಹೆಂಚು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓದಿ ಉಷ್ಣ ಏರಿದೆ ಅಂತ ತೀರ್ಮಾನಿಸಿದೆ. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳ ಎಣ್ಣೆನೀರಿನ ವಾರ ಹೇಗೂ ಹೌದು. ಬೆಳಿಗ್ಗೆ ಎಬ್ಬಿಸಿ ನೆತ್ತಿಗೆ ಅಂಗೈ ತುಂಬ ಹರಳೆಣ್ಣೆ ಹಾಕಿ ತಟ್ಟಿದೆ. ಸೀಗೆಪುಡಿ ಹಾಕಿ ಉಜ್ಜಿ, ಒಂದು ಹಂಡೆ ಬಿಸಿನೀರು ಪೂರ್ತಿ ಹುಯ್ದೆ. ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದೆ. ಬಿಸಿ ಅನ್ನಕ್ಕೆ ಮೆಣಸಿನ ಸಾರು ಕಲಸಿ ಕೊಟ್ಟು ಕಳಿಸಿದೆ. ಮೊಮ್ಮಗಳಿಗೆ ಒಳ್ಳೆಯದು ಮಾಡಿದೆ ಅಂತ ಆ ದಿನ ನನಗೇ ಒಂಥರಾ ಗತ್ತು.

ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೆರಡು ಬಂತು.

ಸ್ಕೂಲಿಗೆ ಕರೆಸಿಕೊಂಡ ಲೆಕ್ಕದ ಮೇಷ್ಟ್ರು ಮಗನಿಗೆ ಎಲ್ಲರ ಎದುರು ಹೇಳಿದರಂತೆ, ನಿಮ್ಮ ಮಗಳು ಪರೀಕ್ಷೆಯಲ್ಲಿ ಬೆಂಚಿನ ಮೇಲೆ ತಲೆ ಇಟ್ಟು ನಿದ್ದೆ ಮಾಡಿದಳು, ಮನೆಯಲ್ಲಿ ಎಷ್ಟು ಕುಣಿಸುತ್ತೀರಿ ಅಂತ. ಮಗ ಬಂದವನೇ ಗೆಜ್ಜೆ ತೆಗೆದು ಟವೆಲ್ಲಿನಲ್ಲಿ ಕಟ್ಟಿ ಅಟ್ಟಕ್ಕೆ ಎಸೆದ.

"ಸಾಕು ಕುಣ್ದಿದ್ದು. ಕುಣ್ದು ಕುಣ್ದು ಸುಸ್ತಾಗಿ ಮಲಗವಳೆ. ಫಾರಂ ಗೀರಂ ಏನೂ ಇಲ್ಲ."

ಸೊಸೆ, "ಒಂದ್ ಸಲ ಕೇಳಿ ನೋಡಿ ಅವಳ" ಎಂದಳು.

"ಏನ್ ಕೇಳದು? ಇಪ್ಪತ್ತೆರಡು ಅಂತ ಪೇಪರೇ ಯೋಳ್ತಾ ಅದೆ!"

ಹುಡುಗಿ ತುಟಿ ಬಿಚ್ಚಲಿಲ್ಲ. ನನಗೆ ಅದೇ ವಿಚಿತ್ರ ಅನ್ನಿಸಿತು. ನಮ್ಮ ಮನೆಯ ಹೆಣ್ಣು, ಮಾತಿಗೆ ಮಾತು ಕೊಡದೆ ಇರುವವಳಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ.

"ಯಾಕವ್ವಾ ನಿದ್ದೆ ಬಂತು?"

"ನೀನು ಎಣ್ಣೆನೀರು ಹಾಕ್ದಲ್ಲ ಅಜ್ಜಿ. ಮೂರ್ನೇ ಲೆಕ್ಕಕ್ಕೆ ಕಣ್ಣೇ ಎಳ್ದೋಯ್ತು. ಮೇಷ್ಟ್ರು ಬಂದು ಎರಡ್ ಸಲ ಎಬ್ಬಿಸಿದ್ರು."

"ಮತ್ತೆ ಅಪ್ಪನ್ ಮುಂದೆ ಯೋಳೋದ್ ತಾನೆ?"

"ಯೋಳುದ್ರೆ ನಿನ್ನ ಬಯ್ತದೆ."

"ಬೋದ್ರೆ ನನ್ ಮೈ ಸವೀತದಾ? ಮುಚ್ಕಂಡು ಕೂತು ನಿನ್ ಗೆಜ್ಜೆ ಅಟ್ಟುಕ್ ಓಯ್ತಲ್ಲ, ಮಂಕುಮುಂಡೇದೆ!" ಎಂದು ಬೈದೆ.

ಬೈದೆನಾದರೂ ನನಗೇ ಅನುಮಾನ. ನಿಜವಾಗಿ ಎಣ್ಣೆನೀರೇ ಕಾರಣವೋ, ಮಗ ಹೇಳಿದಂತೆ ಕುಣಿತದ ಸುಸ್ತೋ, ಅಥವಾ ಹುಡುಗಿಗೆ ಲೆಕ್ಕವೇ ಬರುವುದಿಲ್ಲವೋ? ಚಿಕ್ಕಂದಿನಿಂದ ಎಣ್ಣೆ ಹಚ್ಚಿಕೊಂಡವಳು ನಾನು. ಎಣ್ಣೆನೀರಾದ ಮೇಲೆ ಹಗಲು ಮಲಗಬಾರದು ಅಂತ ನನ್ನ ಅವ್ವ ಗದರುತ್ತಿದ್ದಳು. ಆದರೆ ನಾವು ಮಿಂದ ಮೇಲೆ ಒಲೆ ಮುಂದೆಯೋ ದನದ ಹಿಂದೆಯೋ ಓಡಾಡಿದವರು. ಬೆಂಚಿನ ಮೇಲೆ ಮೂರು ಗಂಟೆ ಅಲ್ಲಾಡದೆ ಕೂತವರು ನಮ್ಮಲ್ಲಿ ಯಾರೂ ಇಲ್ಲ. ಹಾಗೆ ಕೂತರೆ ಏನಾಗುತ್ತದೆ ಅಂತ ನೋಡಿಯೇ ಬಿಡಬೇಕು ಅನ್ನಿಸಿತು.

ಮಾರನೆಯ ದಿನ ಶನಿವಾರ, ಗಂಡಸರು ಮೀಯುವ ವಾರ. ಮಗನಿಗೆ ರಜೆ. ಫಾರಂ ಕೊಡುವ ಕೊನೆಯ ಭಾನುವಾರಕ್ಕೆ ಉಳಿದಿದ್ದು ಅದೊಂದೇ ದಿನ.

"ಬಾ ಮಗ, ಮಕ ಎಲ್ಲಾ ಬಾಡೋಗದೆ. ಒಂಚೂರು ಎಣ್ಣೆ ಇಕ್ಕುತೀನಿ" ಎಂದೆ.

ಬಹಳ ದಿನದ ಮೇಲೆ ಅವ್ವ ಕರೆದಳು ಅಂತ ಬಂದು ಮಣೆಯ ಮೇಲೆ ಕೂತ. ಪರೀಕ್ಷೆಯ ದಿನ ಹುಡುಗಿಗೆ ಎಷ್ಟು ಹಾಕಿದ್ದೆನೋ ಅಷ್ಟೇ ಹಾಕಿದೆ. ಹೆಚ್ಚು ಹಾಕಿದರೆ ಅದು ಮೋಸ. ಅದೇ ಹಂಡೆ, ಅದೇ ಸೀಗೆ, ಅದೇ ಮೆಣಸಿನ ಸಾರು. ಉಂಡು ಎದ್ದವನ ಮುಂದೆ ಹುಡುಗಿಯ ಲೆಕ್ಕದ ಪೇಪರನ್ನೂ ಒಂದು ಪೆನ್ನನ್ನೂ ಇಟ್ಟೆ.

"ನೀನು ಐಟಿಐ ಓದ್ದವ್ನು. ಇದ್ರಲ್ ಏನ್ ಕಷ್ಟ ಅದೆ ಅಂತ ನಂಗೂ ಒಸಿ ತೋರ್ಸು."

"ನಿಂಗ್ಯಾಕವ್ವಾ ಇದು?"

"ತಿಳ್ಕಳವಾ ಅಂತ. ಎದ್ದೇಳಂಗಿಲ್ಲ, ಮಾತಾಡಂಗಿಲ್ಲ. ಪರೀಕ್ಷೆ ತರಾನೇ."

ನಗುತ್ತಾ ಕುರ್ಚಿಯಲ್ಲಿ ಕೂತ. ಮೊದಲ ಲೆಕ್ಕ ಚಕಚಕನೆ ಮಾಡಿದ. ಎರಡನೆಯದಕ್ಕೆ ಆಕಳಿಸಿದ. ಮೂರನೆಯದರಲ್ಲಿ ಪೆನ್ನು ಕಾಗದದ ಮೇಲೆ ಓರೆಯಾಗಿ ಗೀಟು ಎಳೆದು ನಿಂತಿತು, ಗಲ್ಲ ಎದೆಗೆ ಇಳಿಯಿತು. ಸೊಸೆ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎರಡು ಸಲ ಎಬ್ಬಿಸಿದೆ, ಮೇಷ್ಟ್ರು ಎಬ್ಬಿಸಿದ ಹಾಗೆ. ಎರಡು ಸಲವೂ "ಊಂ, ಮಾಡ್ತಾವ್ನಿ" ಅಂದು ಮತ್ತೆ ಮಲಗಿದ. ಗೊರಕೆ ಶುರುವಾದ ಮೇಲೆ ಸುಮ್ಮನಾದೆ.

ಎಚ್ಚರವಾದಾಗ ಹೇಳಿದೆ. "ಪರೀಕ್ಷೆ ದಿನ ನಿನ್ ಮಗಳ್ಗೂ ಇಂಗೇ ಎಣ್ಣೆನೀರು ಹಾಕಿ ಕಳ್ಸಿದ್ದೆ. ತಪ್ಪು ನಂದು. ಗೆಜ್ಜೇದಲ್ಲ."

ಅವನ ಮುಖ ಕೆಂಪಾಯಿತು. "ಪರೀಕ್ಷೆ ದಿನ ಯಾರಾರ ಎಣ್ಣೆ ಹಾಕ್ತಾರ? ಬುದ್ದಿ ಬೇಡ್ವಾ ನಿಂಗೆ? ಮೇಷ್ಟ್ರು ಮುಂದೆ ನನ್ ಮಾನ ಓಯ್ತು!"

"ಬೇಕಿತ್ತು, ಇರ್ನಿಲ್ಲ. ಬೈಯಿ, ಬೈದಾದ್ ಮೇಲೆ ಸೈನ್ ಹಾಕು."

"ಎಣ್ಣೆಯಿಂದ ಮಲಗುದ್ಲು, ಸರಿ. ಲೆಕ್ಕ ಬತ್ತದೆ ಅಂತ ಏನ್ ಗ್ಯಾರಂಟಿ?"

ಅದೂ ನನಗೆ ತಿಳಿಯಬೇಕಾಗಿದ್ದದ್ದೇ. "ಅದ್ನೂ ನೋಡವಾ" ಎಂದೆ.

ಸ್ಕೂಲಿಂದ ಬಂದಿದ್ದ ಹುಡುಗಿಯನ್ನು ಕರೆದು ಅಟ್ಟದಿಂದ ಗೆಜ್ಜೆ ಇಳಿಸಿದೆವು. ಒಂದು ಗಂಟೆ ಪೂರ್ತಿ ಕುಣಿಯಬೇಕು, ಆಮೇಲೆ ಕೂತು ಲೆಕ್ಕ ಮಾಡಬೇಕು. ಕುಣಿತದಿಂದ ನಿದ್ದೆ ಬರುವುದಾದರೆ ಬರಲಿ. ಅದೇ ಪೇಪರು ಕೊಡಬೇಡ, ಅದನ್ನು ನೋಡಿಬಿಟ್ಟಿದ್ದಾಳೆ ಎಂದ ಮಗ, ಗೈಡಿನಿಂದ ಬೇರೆ ಪೇಪರು ಹುಡುಕಿದ. ನಾನು ಮಿಸ್ಸಿನಂಥ ಕೋಲು ಇಲ್ಲದೆ ಸೌದೆಯ ತುಂಡಿನಿಂದ ನೆಲ ಕುಟ್ಟಿದೆ. ನನ್ನ ತಾಳ ತಪ್ಪುತ್ತಿತ್ತು, ಅವಳ ಕಾಲು ತಪ್ಪಲಿಲ್ಲ. ಬೆವರು ಒರೆಸಿಕೊಂಡು ಲೆಕ್ಕಕ್ಕೆ ಕೂತಳು. ಮೂರು ಗಂಟೆ ನಾವು ಮೂವರೂ ಮನೆಯಲ್ಲಿ ಪಾತ್ರೆ ಸದ್ದೂ ಮಾಡಲಿಲ್ಲ. ಅವಳು ತೂಕಡಿಸಲಿಲ್ಲ. ಆದರೆ ಒಂದು ಕಡೆ ಪೆನ್ನಿನ ತುದಿ ಕಚ್ಚಿಕೊಂಡು ಬಹಳ ಹೊತ್ತು ಗೋಡೆ ನೋಡಿದಳು. ಅಲ್ಲಿ ಗೊತ್ತಾಗಲಿಲ್ಲ ಅಂತ ನನಗೂ ತಿಳಿಯಿತು.

ಗೈಡು ಮುಂದಿಟ್ಟುಕೊಂಡು ಮಗ ತಿದ್ದಿದ. ಐವತ್ತೊಂದು. ತ್ರಿಭುಜದ ಲೆಕ್ಕ ಮೂರಕ್ಕೆ ಮೂರೂ ತಪ್ಪು.

"ಐವತ್ತೊಂದು ಏನ್ ದೊಡ್ಡದಾ?" ಎಂದ.

"ದೊಡ್ಡದಲ್ಲ. ಇಪ್ಪತ್ತೆರಡೂ ಅಲ್ವಲ್ಲ" ಎಂದೆ.

ಗೈಡಿನಲ್ಲಿ ತ್ರಿಭುಜದ ಪುಟ ಹುಡುಕಿ ಮೂಲೆ ಮಡಿಚಿದ. ಆಮೇಲೆ ಹುಡುಗಿಗೆ ಹೇಳಿದ, "ಪರೀಕ್ಷೆ ಮುಗಿಯೋಗಂಟ ಭಾನುವಾರ ಒಂದೇ ಪಾಠ. ಶನಿವಾರ ನನ್ ಮುಂದೆ ಕುಂತು ತ್ರಿಭುಜ. ಒಪ್ಕಂಡ್ರೆ ಫಾರಂ ತತ್ತಾ."

ಅವಳು ಹಾರಿ ಹೋಗಿ ತಂದಳು. ಸೈನು ಹಾಕಿ ನನ್ನ ಕಡೆ ತಿರುಗಿದ. "ಅವ್ವಾ, ಅಲ್ಲೀಗಂಟ ಅವಳ ತಲೆ ಮುಟ್ಟಿದ್ರೆ ನೋಡು."

ಮುಟ್ಟಲಿಲ್ಲ. ದೊಡ್ಡ ಪರೀಕ್ಷೆಗೆ ಹುಡುಗಿ ಒಣಗಿದ ತೆಂಗಿನ ನಾರಿನಂಥ ಕೂದಲಲ್ಲಿ ಹೋದಳು. ನೋಡಲಾಗದೆ ನಾನು ಒಳಗೆ ಹೋಗುತ್ತಿದ್ದೆ. ಲೆಕ್ಕದಲ್ಲಿ ಅರವತ್ತಮೂರು ಬಂತು. ಮೇ ತಿಂಗಳಲ್ಲಿ ಜೂನಿಯರ್ ಪಾಸಾದಳು, ಅದೂ ಒಳ್ಳೆಯ ಅಂಕದಲ್ಲೇ. ಡ್ಯಾನ್ಸ್ ಇಲ್ಲದಿದ್ದರೆ ಲೆಕ್ಕದಲ್ಲಿ ಎಂಬತ್ತು ಬರುತ್ತಿತ್ತು ಅಂತ ಮಗ ಇವತ್ತಿಗೂ ವಾದಿಸುತ್ತಾನೆ. ಬರುತ್ತಿತ್ತೋ ಏನೋ. ಅದನ್ನು ಪರೀಕ್ಷೆ ಮಾಡಿ ನೋಡುವ ದಾರಿ ಮಾತ್ರ ನನಗೆ ಎಷ್ಟು ಯೋಚಿಸಿದರೂ ಹೊಳೆದಿಲ್ಲ.