ಎರಡೂ ಅಂಗೈ ತೋರಿಸು

ಜರ್ಮನಿಯಲ್ಲಿ ಕೆಲಸಕ್ಕೆ ಹೋದ ಮೊದಲ ದಿನವೇ ನನಗೆ ಎರಡೂ ಅಂಗೈ ತೋರಿಸಲು ಹೇಳಿದರು. ದಾಂಡೇಲಿಯ ಶಾಲೆಯಲ್ಲಿ ಬಾಯಾರು, ಅಂದರೆ ಮಾಸ್ತರಿಣಿ, ಉಗುರು ನೋಡುತ್ತಿದ್ದರಲ್ಲ, ಹಾಗೆ. ಮೂವತ್ತರ ಹೆಂಗಸು ನಾನು, ಕೈ ಚಾಚಿ ನಿಂತೆ. ಮೇಲ್ವಿಚಾರಕ ಬಗ್ಗಿ ನೋಡಿ "ಸೌಬರ್" ಎಂದ. ಚೊಕ್ಕ ಎಂದರ್ಥ. ಹೊಸ ಶತಮಾನ ಶುರುವಾದ ಹೊತ್ತಿನ ಮಾತಿದು.

ಕೆಲಸವೇನೋ ಚೊಕ್ಕತನ ಬೇಡುವಂಥದ್ದೇ. ಉಕ್ಕು ಕತ್ತರಿಸುವ ಲೇಸರಿನ ಬೆಳಕನ್ನು ಸಮನಾಗಿ ಹರಡಲು, ರೂಪಾಯಿಯಗಲದ ಗಾಜಿನ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ನೂರಾರು ಮಸೂರಗಳನ್ನು ಕೊರೆಯುತ್ತಿದ್ದೆವು. ಜಿಡ್ಡು ಉಳಿದರೆ ಲೇಸರ್ ಬಿದ್ದ ಕೂಡಲೇ ಗಾಜು ಸುಟ್ಟು ಬಿರಿಯುತ್ತದೆ. ಮೊದಲ ವಾರ ನಾನೊಂದು ತಪ್ಪು ಮಾಡಿದ್ದು ನಿಜ. ಅಪ್ಪ ಚಾಳೀಸಿನ ಗಾಜು ಒರೆಸುವಾಗ ಮಾಡುವಂತೆ, ಬಿಲ್ಲೆಯ ಮೇಲೆ ಹಾ ಎಂದು ಉಸಿರು ಬಿಟ್ಟು ಒರೆಸಿಬಿಟ್ಟೆ. ಒಪ್ಪಿಕೊಂಡೆ ಕೂಡ. ಅಂದಿನಿಂದ ಅಷ್ಟು ಜನರಲ್ಲಿ ನನಗೊಬ್ಬಳಿಗೇ ದಿನಾ ಬೆಳಿಗ್ಗೆ ಪ್ರಶ್ನೆ: "ಕೈ ತೊಳೆದೆಯಾ?"

ರಾತ್ರಿಯೂಟಕ್ಕೆ ಅಲ್ಲಿ ಒಲೆ ಹಚ್ಚುವುದಿಲ್ಲ. ತಣ್ಣನೆಯ ಬ್ರೆಡ್ಡು, ಅದಕ್ಕೆ ಆಬೆಂಡ್‌ಬ್ರೋಟ್ ಎಂಬ ಹೆಸರು. ನನ್ನ ಒಗ್ಗರಣೆಯ ಘಾಟಿಗೆ ಮನೆಯೊಡತಿ ಕಿಟಕಿ ತೆರೆದು ನಿಲ್ಲುತ್ತಿದ್ದಳು. ಅದನ್ನೆಲ್ಲ ನುಂಗಿಕೊಂಡೆ.

ಎರಡನೇ ವರ್ಷ ಸಾಲಾಗಿ ಮೂರು ಬಿಲ್ಲೆಗಳು ಪರೀಕ್ಷೆಯಲ್ಲಿ ಸುಟ್ಟವು. ಕೇಳದೆ ಮಾಡದೆ ವರದಿಯಲ್ಲಿ ನನ್ನ ಹೆಸರು ಬರೆದರು. ಇನ್ನು ಮೇಲೆ ನೀನು ಪ್ಯಾಕಿಂಗಿಗೆ ಹೋಗು ಎಂದರು. ಕಚ್ಚಾ ಗಾಜನ್ನು ಪರೀಕ್ಷಿಸಿದಿರಾ ಎಂದು ಕೇಳಿದೆ. "ಅದು ನಮ್ಮ ಹಳೆಯ ನಂಬಿಕೆಯ ಕಾರ್ಖಾನೆಯದು, ನೋಡಬೇಕಾಗಿಲ್ಲ" ಎಂದ ಮೇಲ್ವಿಚಾರಕ. ಅವರ ಗಾಜಿಗೆ ನಂಬಿಕೆ, ನನ್ನ ಕೈಗೆ ತಪಾಸಣೆ. ಮೈಯೆಲ್ಲ ಉರಿದುಹೋಯಿತು.

ದಾಂಡೇಲಿಯಲ್ಲಿ ನಮ್ಮ ಮಗ್ಗುಲ ಮನೆಯ ಫೋನಿಗೆ ಅವ್ವನನ್ನು ಕರೆಸಿದೆ. ಅವಳು ಕಾಗದದ ಮಿಲ್ಲಿನಲ್ಲಿ ಐಬಿನ ಹಾಳೆ ಆರಿಸಿ ತೆಗೆಯುತ್ತಿದ್ದವಳು.

"ಅಳಕೋತ ಯಾಕ ಕುಂತಿ? ಹಾಳಿ ನೆಟ್ಟಗ ಹಿಡದ್ರ ಎಲ್ಲಾ ಚಲೋನ ಕಾಣತಾವು. ಬೆಳಕಿಗೆ ವಾರಿ ಹಿಡದ ನೋಡವಾ, ಐಬ ಇದ್ರ ತಾನ ಎದ್ದ ಕಾಣತೈತಿ."

ಮರುದಿನ, ಸುಟ್ಟ ಬಿಲ್ಲೆಗಳ ಗಾಜು ಬಂದಿದ್ದ ಪೆಟ್ಟಿಗೆಯಿಂದಲೇ ಇನ್ನೂ ಯಾರೂ ಮುಟ್ಟದ ಗಾಜನ್ನು ತೆಗೆದು ಮೇಲ್ವಿಚಾರಕನೆದುರೇ ದೀಪಕ್ಕೆ ಓರೆಯಾಗಿ ಹಿಡಿದೆ. ಪಾಲಿಶ್ ಮಾಡಿದವರು ಬಿಟ್ಟ ಕೂದಲೆಳೆಯ ಗೀರುಗಳು ಎದ್ದು ಕಂಡವು. ಸುಟ್ಟ ಬಿಲ್ಲೆಗಳೂ ಅಂಥ ಗೀರಿನ ಗುಂಟವೇ ಬಿರಿದಿದ್ದವು. ಅವನು ಹೂಂ ಎಂದ, ಅಷ್ಟೇ. ಪ್ಯಾಕಿಂಗ್ ಮಾತು ಅಲ್ಲಿಗೆ ನಿಂತಿತು. ವಾರದೊಳಗೆ ಗೋಡೆಗೆ ಹೊಸ ನಿಯಮ ಅಂಟಿತು: ಬಂದ ಗಾಜನ್ನೆಲ್ಲ ಓರೆ ಬೆಳಕಿನಲ್ಲಿ ನೋಡತಕ್ಕದ್ದು. ಅವ್ವನ ಕಸುಬು, ಕೆಳಗೆ ಅವನ ಸಹಿ. ಒಂದು ಕ್ಷಮೆಯ ಮಾತಿಲ್ಲ. ಇವತ್ತಿಗೂ ನೆನೆದರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಆ ಸಲ ರಜೆಗೆ ದಾಂಡೇಲಿಗೆ ಬರುವಾಗ, ಸುಟ್ಟ ಬಿಲ್ಲೆಗಳಲ್ಲಿ ಒಂದನ್ನು ಅವ್ವನಿಗೆ ತೋರಿಸಲೆಂದು ಕೇಳಿ ತಂದಿದ್ದೆ. ಹಿತ್ತಲಿನಿಂದ ಬಂದವಳೇ ಆಸೆಯಿಂದ ಕೈ ಚಾಚಿದಳು.

"ಕೈ ತೊಳದಿ ಏನಬೇ?" ನನ್ನ ಬಾಯಿಂದ ಬಂದೇಬಿಟ್ಟಿತು, ಅದೂ ಕೆಲಸಕ್ಕೆ ಬಾರದ ಗಾಜಿಗೆ.

ಅವ್ವ ಚಾಚಿದ ಕೈ ಹಿಂದೆಗೆದಳು. ಸೆರಗಿಗೆ ಒರೆಸಿಕೊಂಡು ಎರಡೂ ಅಂಗೈಯನ್ನು ನನ್ನ ಮುಂದೆ ಹಿಡಿದಳು.

"ನೋಡ್ರಿ ಬಾಯಾರ" ಎಂದಳು.

ನಾನು ಹುಟ್ಟಿದಾಗಿನಿಂದ ಅವ್ವ ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು.