ನೋಡದೆ ಕೊಟ್ಟ ಒಪ್ಪಿಗೆ

ಆಫೀಸಿನಲ್ಲಿ ಅವಳಿಗೆ ಜರಡಿ ಎಂದು ಹೆಸರು. ಎಂಥ ಸಣ್ಣ ತಪ್ಪೂ ಅವಳನ್ನು ದಾಟಿ ಹೋಗುವುದಿಲ್ಲ ಎಂಬ ಮೆಚ್ಚುಗೆ ಅದರಲ್ಲಿ ಅರ್ಧ, ಬೇಸರ ಅರ್ಧ. ಒಂದು ದೊಡ್ಡ ಕಂಪ್ಯೂಟರನ್ನು ಹಲವು ಕಂಪ್ಯೂಟರುಗಳಂತೆ ಹಂಚಿ, ದೂರದಿಂದಲೇ ಬಾಡಿಗೆಗೆ ಕೊಡುವುದು ಅವಳ ಕಂಪನಿಯ ಕಸುಬು. ಹಾಗೆ ಹಂಚುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಅವರಲ್ಲಿ ಹಳೆಯದೊಂದು, ಹೊಸದೊಂದು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡನ್ನೂ ಪಾಲು ಮಾಡಿ ಕೊಡಬೇಕು. ಆ ಕಾರ್ಡನ್ನು ನಡೆಸುವ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು; ಹೊಸ ಡ್ರೈವರ್ ಬಂದಾಗಲೆಲ್ಲ ಆ ಪಾಲು ಎರಡು ಕಡೆಯೂ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಿ ಒಪ್ಪಿಗೆ ಕೊಡುವವಳು ಇವಳು.

ಗಂಡ ಶೂ ಕಾರ್ಖಾನೆಯಲ್ಲಿ ಅಚ್ಚುಗಾರ. ಮೊದಲು ಮರ ಕೆತ್ತಿ ಪಾದದ ಅಚ್ಚು ಮಾಡುತ್ತಿದ್ದವನು, ನಲವತ್ತು ದಾಟಿದ ಮೇಲೆ ಹಠ ಹಿಡಿದು ಪರದೆಯ ಮೇಲೆ ಬಿಡಿಸುವುದನ್ನು ಕಲಿತ; ಕಾರ್ಖಾನೆಯಲ್ಲಿ ಹಾಗೆ ಬಿಡಿಸುವವನು ಅವನೊಬ್ಬನೇ. ಕಾರ್ಖಾನೆಗೆ ಕಂಪ್ಯೂಟರು ಬಾಡಿಗೆ ಕೊಡುವುದು ತನ್ನ ಹೆಂಡತಿಯ ಕಂಪನಿಯೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುವುದರಲ್ಲಿ ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಎರಡು ತಿಂಗಳಿಂದ ಅವನ ಕೆಲಸ ಕುಂಟುತ್ತಿತ್ತು. ಹಿಮ್ಮಡಿಯ ಒಂದು ತಿರುವು ತಿದ್ದಲು ಮಧ್ಯಾಹ್ನವಾಗುತ್ತಿತ್ತು.

"ಕೈ ಮೊದಲಿನ ಹಾಗೆ ಓಡ್ತಿಲ್ಲ ಕಣೇ" ಎಂದ ಒಂದು ಸಂಜೆ.

"ವಯಸ್ಸಾಯ್ತಲ್ಲ ರೀ, ಕೈನೂ ರಜಾ ಕೇಳ್ತಿರ್ಬೇಕು" ಎಂದಳು ಮಹಾತಾಯಿ. ಅವನೂ ನಕ್ಕ. ಆಮೇಲೆ ಕನ್ನಡಕ ಬದಲಾಯಿಸಿದ, ಬೆಳಗಾದರೆ ಬೆರಳಿಗೆ ವ್ಯಾಯಾಮ ಶುರು ಮಾಡಿದ. ಯಾವುದೂ ನಾಟಲಿಲ್ಲ. ಕೊನೆಗೊಂದು ದಿನ ತಾನೇ ಮಾಲೀಕರ ಹತ್ತಿರ ಹೋಗಿ, ಸೋಮವಾರದಿಂದ ತನ್ನನ್ನು ಗೋದಾಮಿಗೆ ಹಾಕಿ ಎಂದು ಕೇಳಿ ಬಂದ.

"ನೀವಾಗಿ ನೀವೇ ಕೇಳಿದ್ರಾ?"

"ಅವರ ಬಾಯಲ್ಲಿ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ ಅಲ್ವಾ? ಅಚ್ಚನ್ನ ಒಂದು ಸುತ್ತು ತಿರುಗಿಸೋಣ ಅಂದ್ರೆ ನಿಂತು ನಿಂತು ತಿರುಗುತ್ತೆ. ನಂಗೆ ಕೈನಡುಕ ಬಂದಿದೆ ಕಣೇ."

ಅವಳಿಗೆ ತಟ್ಟನೆ ಅನುಮಾನ ಬಂತು. ಕೈ ನಡುಗಿದರೆ ಗೆರೆ ಸೊಟ್ಟಗಾಗಬೇಕು, ಚಿತ್ರ ಯಾಕೆ ನಿಂತು ನಿಂತು ತಿರುಗಬೇಕು?

ಮರುದಿನ ಆಫೀಸಿಗೆ ಹೋದವಳೇ ಹಳೆಯ ಹೈಪರ್‌ವೈಸರ್ ತೆರೆದಳು. ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಇದ್ದದ್ದು ಅದರ ಮೇಲೆ. ಎರಡು ತಿಂಗಳ ಹಿಂದೆ ಬಂದ ಡ್ರೈವರನ್ನು ಅವಳು ಹೊಸದರ ಮೇಲೆ ಪೂರ್ತಿ ಪರೀಕ್ಷಿಸಿದ್ದಳು. ಹಳೆಯದರಲ್ಲಿ ಕಂಪ್ಯೂಟರು ಚಾಲೂ ಆಗಿ ಪರದೆ ಬೆಳಗಿದ್ದನ್ನಷ್ಟೇ ನೋಡಿ, ಕಾರ್ಡು ಅದೇ, ಡ್ರೈವರೂ ಅದೇ, ಇನ್ನೇನು ಬೇರೆಯಾದೀತು ಎಂದು ಒಪ್ಪಿಗೆ ಕೊಟ್ಟಿದ್ದಳು. ಅಲ್ಲಿ ಕಾರ್ಡಿನ ಪಾಲು ಸಿಕ್ಕೇ ಇರಲಿಲ್ಲ. ತಪ್ಪಾಗಿದೆ ಎಂದು ಚಕಾರವೆತ್ತದೆ, ಚಿತ್ರದ ಹೊರೆಯನ್ನೆಲ್ಲ ಮಾಮೂಲಿ ಪ್ರೊಸೆಸರಿನ ತಲೆಗೆ ಕಟ್ಟಿ ಕಂಪ್ಯೂಟರು ಏದುಸಿರು ಬಿಡುತ್ತಿತ್ತು.

ಅಯ್ಯೋ, ನನ್ನ ಬುದ್ಧಿಗಿಷ್ಟು! ಕಣ್ಣೆದುರಿಗೇ ಮನುಷ್ಯ ಕುಗ್ಗಿಹೋಗುತ್ತಿದ್ದರೆ ತಮಾಷೆ ಮಾಡಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ತಪ್ಪು ತನ್ನದೆಂದು ಮೇಲಿನವರಿಗೆ ಹೇಳಿ, ಹಿಂದಿನ ಡ್ರೈವರನ್ನೇ ಮತ್ತೆ ಕೂರಿಸಿದಳು. "ಆಗುತ್ತೆ ಬಿಡಿ" ಎಂದರು ಅವರು. ಅವರ ಗಂಟೇನು ಹೋಗಬೇಕು?

ಆ ಸಂಜೆ ಗಂಡ ತಡವಾಗಿ ಬಂದು, ಬಾಗಿಲಲ್ಲೇ ಕೂಗಿದ. "ಏ, ಬಾರೇ ಇಲ್ಲಿ! ಕೈ ವಾಪಸ್ ಬಂತು ಕಣೇ! ಮಧ್ಯಾಹ್ನದಿಂದ ಏನು ಓಡ್ತು ಅಂತೀಯ! ಗೋದಾಮೂ ಬೇಡ ಏನೂ ಬೇಡ ಅಂತ ಮಾಲೀಕರಿಗೆ ಹೇಳಿಬಿಟ್ಟೆ." ಹೆಗಲ ಚೀಲ ಇಳಿಸುವುದನ್ನೂ ಮರೆತು, ಹತ್ತೂ ಬೆರಳುಗಳನ್ನು ಅವಳ ಮುಖದ ಮುಂದೆ ಆಡಿಸಿದ. ಇಷ್ಟು ದಿನದ ವ್ಯಾಯಾಮ ಕೊನೆಗೂ ಕೈಹಿಡಿಯಿತಂತೆ.

ಸುಮ್ಮನಿದ್ದುಬಿಡಲೇ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ತನ್ನ ತಪ್ಪಿಗೆ ಅವನು ಎರಡು ತಿಂಗಳು ತನ್ನ ಕೈಯನ್ನೇ ದೂರಿಕೊಂಡದ್ದು ಸಾಕೆನಿಸಿತು. ಅವನನ್ನು ಕೂರಿಸಿ, ಒಂದನ್ನೂ ಬಿಡದೆ ಹೇಳಿದಳು.

"ನಿಮ್ಮ ಕೈಗೆ ಏನೂ ಆಗಿರ್ಲಿಲ್ಲ ರೀ. ಎಲ್ಲಾ ನನ್ನದೇ ತಪ್ಪು. ಬೈದುಬಿಡಿ."

ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಬೆರಳುಗಳನ್ನು ತೊಡೆಯ ಮೇಲೆ ಇಳಿಸಿ ನೋಡುತ್ತ ಕುಳಿತ.

"ಹಾಗಾದ್ರೆ ಇವತ್ತು ಓಡಿದ್ದೂ ನನ್ನ ಕೈ ಅಲ್ಲ ಅನ್ನು" ಎಂದ.

"ಹಾಗಲ್ಲ ರೀ..." ಎಂದಳು. ಅವನು ಇಳಿಸಲು ಮರೆತಿದ್ದ ಚೀಲವನ್ನು ಅವಳೇ ಹೆಗಲಿಂದ ತೆಗೆದಳು.